ಬಾಯಿ ನೋಡಿ ಕೊಟ್ಟ ತೆನೆ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಆ ಭಾನುವಾರ ನಾನು ಜಗಳ ತೆಗೆಯದೆ ಸುಮ್ಮನಿದ್ದಿದ್ದರೆ ನನ್ನ ತಮ್ಮನ ಗತಿ ಏನಾಗುತ್ತಿತ್ತೋ ಆ ದೇವರೇ ಬಲ್ಲ. ಜಗಳ ತೆಗೆದದ್ದು ಒಂದು ಸುಟ್ಟ ಗೊಂಜಾಳದ ತೆನೆಗಾಗಿ. ಗೊಂಜಾಳ ಎಂದರೆ ಬೇರೆ ಕಡೆಯವರು ಮೆಕ್ಕೆಜೋಳ, ಮುಸುಕಿನ ಜೋಳ ಅನ್ನುತ್ತಾರಲ್ಲ, ಅದೇ. ಕೆಲಗೇರಿ ಕೆರೆಯ ದಂಡೆಯ ಮೇಲೆ, ಹತ್ತು ಜನ ತಿರುಗಿ ನೋಡುವ ಹಾಗೆ ಒದರಾಡಿದೆ.

ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಸಪ್ತಾಪುರದಲ್ಲಿ ಮನೆ, ಒಬ್ಬಳೇ ಇರುತ್ತೇನೆ. ತಮ್ಮ ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಹಳೇ ಹುಬ್ಬಳ್ಳಿಯಲ್ಲಿ ಅವನದೊಂದು ಅಂಗಡಿ ಇದೆ. ಸುಟ್ಟುಹೋದ ಪಂಪಿನ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಅಂಗಡಿಯ ಮೇಲಿನ ಕೋಣೆಯಲ್ಲೇ ಅವನ ವಾಸ. ಅವ್ವ ತೀರಿಕೊಂಡಾಗ ಅವನಿಗೆ ಎಂಟು ವರ್ಷ. ಆಮೇಲೆ ಅವನ ಊಟ, ಶಾಲೆ, ಜ್ವರ, ಹಟ ಎಲ್ಲವೂ ನನ್ನ ಪಾಲಿಗೇ ಬಂದವು. ಈಗ ಅವನಿಗೆ ಮೂವತ್ತು ದಾಟಿದೆ. ಆದರೂ ಮಳೆಗಾಲ ಶುರುವಾಯಿತೆಂದರೆ ಪ್ರತಿ ಭಾನುವಾರ ಸಂಜೆ ಬೈಕಿನಲ್ಲಿ ಬಂದು, ಗೇಟಿನ ಹೊರಗಿಂದಲೇ ಹಾರ್ನ್ ಹೊಡೆದು, "ಅಕ್ಕಾ, ತೆನಿ ತಿನ್ನಾಕ ನಡಿ" ಎಂದು ಕೂಗುತ್ತಾನೆ. ಒಳಗೆ ಬಂದು ಒಂದು ಕಪ್ ಚಹ ಕುಡಿಯುವಷ್ಟು ಪುರುಸೊತ್ತು ಸಾಹೇಬರಿಗೆ ಎಲ್ಲಿಂದ ಬರಬೇಕು!

ಕೆರೆಯ ರಸ್ತೆಗುಂಟ ತೆನೆಯ ಗಾಡಿಗಳು ನಾಲ್ಕೈದು ನಿಂತಿರುತ್ತವೆ. ನಾವು ಹೋಗುವುದು ಕೊನೆಯ ಗಾಡಿಗೆ. ಅದು ಗರಗದ ಕಡೆಯ ಒಬ್ಬ ಹೆಣ್ಣುಮಗಳದು. ಐವತ್ತರ ಆಸುಪಾಸಿನವಳು, ಮಾತು ಕಡಿಮೆ. ಗಾಡಿಯ ಮೇಲೆ ಒಂದು ಇದ್ದಿಲ ಶೆಗಡಿ, ಪಕ್ಕದಲ್ಲಿ ತೆನೆಗಳ ಎರಡು ಗುಂಪು. ಒಂದರಲ್ಲಿ ದಪ್ಪ ದಪ್ಪ ಬಲಿತ ತೆನೆ, ಇನ್ನೊಂದರಲ್ಲಿ ಹೆಬ್ಬೆರಳಿಗಿಂತ ತುಸುವೇ ದಪ್ಪಗಿರುವ ಎಳೆಯ ತೆನೆ. ಬೇರೆ ಗಾಡಿಗಳಲ್ಲಿ ಗಿರಾಕಿಗಳು ತಾವೇ ಸಿಪ್ಪೆ ಸರಿಸಿ, ಕಾಳಿಗೆ ಉಗುರು ಚುಚ್ಚಿ, ಹಾಲು ಬರುತ್ತದೋ ಇಲ್ಲವೋ ನೋಡಿ ಆರಿಸುತ್ತಾರೆ. ಇವಳು ಮುಟ್ಟಲು ಬಿಡುವುದಿಲ್ಲ. "ಉಗುರು ಚುಚ್ಚಬ್ಯಾಡ್ರಿ, ನಾ ಕೊಡ್ತೇನಿ" ಎಂದು ಕೈ ತಡೆಯುತ್ತಾಳೆ. ಗಿರಾಕಿ ಮಾತಾಡುವಾಗ ಒಮ್ಮೆ ಅವರ ಮುಖ ನೋಡಿ, ಆಮೇಲೆ ತೆನೆಗೆ ಕೈ ಹಾಕುತ್ತಾಳೆ. ಯಾರು ಜಗಳಗಂಟರು, ಯಾರು ಸುಮ್ಮನೆ ತೆಗೆದುಕೊಂಡು ಹೋಗುವವರು ಎಂದು ತೂಗಿ ನೋಡುತ್ತಾಳೆ ಎಂದೇ ನಾನು ತಿಳಿದಿದ್ದೆ. ಅವಳು ನೋಡುತ್ತಿದ್ದುದು ಬಾಯನ್ನು ಎಂದು ಆಗ ನನಗೆ ಹೊಳೆದಿರಲಿಲ್ಲ.

ತಮ್ಮ ತೆನೆ ತಿನ್ನುವುದನ್ನು ನೋಡಬೇಕಿತ್ತು. ಒಂದು ತುದಿಯಿಂದ ಹಲ್ಲು ಹಚ್ಚಿದನೆಂದರೆ ಇನ್ನೊಂದು ತುದಿ ಮುಟ್ಟುವ ತನಕ ತೆಗೆಯುತ್ತಿರಲಿಲ್ಲ. ಸಾಲು ಮುಗಿದ ಮೇಲೆ ತೆನೆ ತಿರುಗಿಸಿ ಮತ್ತೊಂದು ಸಾಲು. ಅವನು ಒಗೆದ ದಿಂಡಿನಲ್ಲಿ ಇರುವೆಗೂ ಏನೂ ಸಿಗುತ್ತಿರಲಿಲ್ಲ. ಕೆನ್ನೆಗೆಲ್ಲ ಮಸಿ, ತುಟಿಗೆಲ್ಲ ಖಾರ. "ಹೊಲಕ್ಕ ಹಂದಿ ಹೊಕ್ಕಂಗ ತಿಂತೀಯಲ್ಲೋ" ಎಂದು ಬಯ್ದರೆ ಇನ್ನಷ್ಟು ಸಪ್ಪಳ ಮಾಡಿ ತಿನ್ನುತ್ತಿದ್ದ. ಹೋದ ವರ್ಷದಿಂದ ಮಾತ್ರ ಹೆಬ್ಬೆರಳಿನಿಂದ ಕಾಳು ಬಿಡಿಸಿ, ಅಂಗೈಯಲ್ಲಿ ಇಟ್ಟುಕೊಂಡು, ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳತೊಡಗಿದ್ದ. ಖಾರ ಬೇಡ ಅನ್ನತೊಡಗಿದ. ಕೇಳಿದರೆ "ಆಸಿಡಿಟಿ ಅಕ್ಕಾ" ಅಂದ. ನನಗೋ ಒಳಗೊಳಗೇ ಖುಷಿ. ಅಂತೂ ಈ ವಯಸ್ಸಿಗಾದರೂ ರೀತಿನೀತಿ ಬಂತಲ್ಲ ಎಂದುಕೊಂಡೆ. ಮಕ್ಕಳ ನೋಟ್‌ಬುಕ್ಕಿನಲ್ಲಿ ಒಂದು ಬಿಂದು ತಪ್ಪಿದರೂ ಹಿಡಿಯುವ ನನ್ನ ಕಣ್ಣಿಗೆ ಇದು ಕಾಣಲಿಲ್ಲ.

ಆ ಭಾನುವಾರ ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಅವಳು ನನಗೆ ದಪ್ಪನೆಯದೊಂದು ತೆನೆ ಸುಟ್ಟು, ಅರ್ಧ ನಿಂಬೆಹಣ್ಣನ್ನು ಉಪ್ಪು-ಖಾರದಲ್ಲಿ ಒತ್ತಿ ಮೈಗೆಲ್ಲ ತಿಕ್ಕಿ ಕೊಟ್ಟಳು. ಒಂದು ಬಾಯಿ ಕಚ್ಚಿದೆ. ನಾಲಿಗೆ ಚುರ್ರೆಂದಿತು.

"ಏನ್ರೀ, ಈ ವರ್ಷ ಖಾರಪುಡಿ ಬದಲಿ ಮಾಡೀರೇನು? ಬಾಯಿ ಉರಿಯಾಕತ್ತೇತಿ."

"ಇಲ್ರಿ ಅಕ್ಕಾರ, ಅದ ಬ್ಯಾಡಗಿ ಮೆಣಸಿನಕಾಯಿ, ಅದ ಪುಡಿ," ಎಂದು ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು. ನಾನು ಅದನ್ನು ಸೊಕ್ಕು ಎಂದುಕೊಂಡೆ.

ಅಷ್ಟರಲ್ಲಿ ಅವಳು ತಮ್ಮನ ಕೈಗೆ ತೆನೆ ಕೊಟ್ಟಳು. ಎಳೆಯದು, ಸಣ್ಣದು, ಖಾರ ಇಲ್ಲ, ನಿಂಬೆಹಣ್ಣೂ ಇಲ್ಲ. ನನಗೆ ನೆತ್ತಿಗೇರಿತು.

"ಅವಗ ಯಾಕ್ರೀ ಆ ಕಡ್ಡಿ ಕೊಟ್ರಿ? ದಪ್ಪಂದ ಕೊಡ್ರಿ."

"ಇರ್ಲಿ ಬಿಡ್ರಿ ಅಕ್ಕಾರ. ಎಳೀದು ಮೆತ್ತಗಿರ್ತೈತಿ."

"ಮೆತ್ತಗ ಯಾಕ ಬೇಕು? ಅವ್ನೇನು ಹಲ್ಲಿಲ್ಲದ ಮುದುಕನ? ಹೋದ ವಾರನೂ ಹಿಂಗ ಮಾಡಿದ್ರಿ, ನಾ ನೋಡೇನಿ. ಸುಮ್ನಿರ್ತಾನ ಅಂತ ಅವನ ತಲಿಗೆ ಉಳದದ್ದು ಕಟ್ಟಾಕತ್ತೀರಿ?"

"ಬಿಡ ಅಕ್ಕಾ, ನನಗ ಇದ ಬೇಕು," ಎಂದು ತಮ್ಮ ಗುಣುಗುಟ್ಟಿದ. ಅವನ ಮಾತು ಕೂಡ ಈಚೆಗೆ ಹಲ್ಲಿನ ಸಂದಿಯಿಂದಲೇ ಬರುತ್ತಿತ್ತು. ನಾನು ಬಿಡುವವಳಲ್ಲವಲ್ಲ, ದನಿ ಏರಿಸಿದೆ. ಪಕ್ಕದ ಗಾಡಿಯವರು ತಿರುಗಿ ನೋಡಿದರು. ಅವಳು ಗಾಳಿ ಹಾಕುತ್ತಿದ್ದ ರಟ್ಟಿನ ತುಂಡನ್ನು ಕೆಳಗಿಟ್ಟಳು.

"ಒದರಬ್ಯಾಡ್ರಿ ಅಕ್ಕಾರ. ನಿಮ್ಮ ತಮ್ಮನ ಬಾಯಿ ತೆರಿಯಂಗಿಲ್ರಿ."

"ಏನಂದ್ರಿ?"

"ಪೂರಾ ತೆರಿಯಂಗಿಲ್ಲ. ಹೋದ ಮಳಿಗಾಲದಾಗ ಕಾಳು ಬಿಡಿಸಿ ತಿನ್ನಾಕ ಚಾಲೂ ಮಾಡಿದ್ರು, ಖಾರ ಬ್ಯಾಡಂದ್ರು. ಈ ಸಲ ನಿಂಬಿಹಣ್ಣೂ ಬ್ಯಾಡಂದ್ರು. ಗುಟಕಾ ತಿಂದು ತಿಂದು ನಮ್ಮ ಯಜಮಾನ್ರದೂ ಹಿಂಗ ಆಗಿತ್ತು. ಎರಡು ವರ್ಷ ರೊಟ್ಟಿ ಹಾಲಾಗ ನೆನಸ್ಕೊಂಡು ತಿಂದ್ರು. ಹಲ್ಲು ನೋಯ್ತಿರಬೇಕು ಅಂತ ನಾ ಸುಮ್ನಿದ್ನಿ. ದವಾಖಾನಿಗೆ ಒಯ್ಯೂ ಹೊತ್ತಿಗೆ ಗಲ್ಲದಾಗ ಹುಣ್ಣಾಗಿತ್ತು. ಉಳೀಲಿಲ್ರಿ."

ತಮ್ಮನ ಮುಖ ಕೆಂಪಾಯಿತು. "ಏನ್ ಮಾತಾಡ್ತೀರಿ ನೀವು?" ಎಂದು ಅಬ್ಬರಿಸಿ, ರಾಶಿಯಿಂದ ಒಂದು ದಪ್ಪ ತೆನೆ ಸೆಳೆದುಕೊಂಡ. ಹಸಿಯದು, ಸುಟ್ಟಿರಲಿಲ್ಲ. ಸಿಪ್ಪೆ ಹರಿದು ಬಾಯಿಗೆ ಇಟ್ಟ. ತೆನೆ ಹಲ್ಲಿಗೆ ತಾಗಿ ನಿಂತಿತು. ತಲೆ ಓರೆ ಮಾಡಿ ಇನ್ನೊಂದು ಕಡೆಯಿಂದ ಒತ್ತಿದ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಬಾಯಿ ಮಾತ್ರ ಅಷ್ಟಕ್ಕೇ ನಿಂತಿತು. ಒಂದು ಕಾಳೂ ಒಡೆಯಲಿಲ್ಲ. ಇಷ್ಟು ದಿನ ರೀತಿನೀತಿ ಎಂದು ನಾನು ಮೆಚ್ಚಿದ್ದು ಇದನ್ನೇ.

ಅವನು ತೆನೆಯನ್ನು ಮೆಲ್ಲಗೆ ಗಾಡಿಯ ಮೇಲಿಟ್ಟು ಕೆರೆಯ ಕಟ್ಟೆಯ ಕಡೆ ನಡೆದುಬಿಟ್ಟ. ನಾನು ಹಿಂದೆ ಹೋದೆ.

"ಏನ್ ತಿಂತೀ? ಖರೇ ಹೇಳು. ಗುಟಕಾ?"

"ತಂಬಾಕ ಮುಟ್ಟಿಲ್ಲ ಅಕ್ಕಾ. ನಿನ್ನ ಆಣಿ. ಬರೇ ಅಡಿಕಿ. ಮೋಟರ್ ಸುತ್ತೂ ಮುಂದ ಕಣ್ಣು ಎಳೀತಾವು, ಅದಕ್ಕ ಬಾಯಾಗ ಇಟ್ಕೊಂಡಿರ್ತೇನಿ."

"ಯಾವಾಗರ ಒಮ್ಮೆನೋ, ದಿನಾ ಪೂರ್ತಿನೋ?"

"ದಿನಾ ಪೂರ್ತಿ," ಅಂದ. ಆಮೇಲೆ ನನ್ನ ಕೈಚೀಲದ ಕಡೆ ಕಣ್ಣು ಹಾಯಿಸಿ, "ನೀನೂ ತಿಂತೀಯಲ್ಲ. ನಿನಗೇನರ ಆಗೇತೇನು?" ಎಂದ.

ನನ್ನ ಕೈಚೀಲದಲ್ಲಿ ಒಂದು ಸ್ಟೀಲಿನ ಪುಟ್ಟ ಡಬ್ಬಿ ಇರುತ್ತಿತ್ತು. ಅದರಲ್ಲಿ ಸಿಹಿ ಸುಪಾರಿ, ವಾಸನೆ ಹಾಕಿದ ಅಡಿಕೆ ಚೂರು. ಪಾಠ ಮಾಡಿ ಮಾಡಿ ಗಂಟಲು ಒಣಗುತ್ತದೆ ಎಂದು ಒಂದು ಪೀರಿಯಡ್ಡಿಗೂ ಇನ್ನೊಂದಕ್ಕೂ ನಡುವೆ ಒಂದು ಚೂರು ದವಡೆಯಲ್ಲಿ ಒತ್ತಿಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲಿ ಊಟವಾದ ಮೇಲೆ ಅಡಿಕೆ ಹಾಕಿಕೊಳ್ಳುವುದನ್ನು ಚಟ ಎಂದು ಯಾರೂ ಕರೆದವರಲ್ಲ. "ನಮ್ಮ ಮನ್ಯಾಗ ತಂಬಾಕ ಯಾರೂ ಮುಟ್ಟಂಗಿಲ್ರಿ" ಎಂದು ನಾನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಜಂಬದಿಂದ ಹೇಳಿದ್ದೇನೋ! ತಂಬಾಕು ಇಲ್ಲದ ಅಡಿಕೆ ನಮ್ಮ ಪಾಲಿಗೆ ಸೋಂಪಿನ ಹಾಗೆ, ಬಾಯಿಗೆ ಒಳ್ಳೆಯದು. ಅವ್ವ ತೀರಿಕೊಂಡ ವರ್ಷ ಅವನು ಶಾಲೆಗೆ ಹೋಗೋದಿಲ್ಲ ಎಂದು ಬಾಗಿಲು ಹಿಡಿದು ಅಳುತ್ತಿದ್ದ. ಆಗ ಅವನ ಅಂಗೈಗೆ ಒಂದು ಚೂರು ಸಿಹಿ ಸುಪಾರಿ ಹಾಕಿದವಳು ನಾನೇ. ಅಳು ನಿಲ್ಲಿಸಿ, ಕಣ್ಣೊರೆಸಿಕೊಂಡು, ಚೀಪುತ್ತ ಶಾಲೆಗೆ ಹೋಗುತ್ತಿದ್ದ. ಅದು ನೆನಪಾದಾಗ ಕಟ್ಟೆಯ ಮೇಲೆ ನನಗೆ ಕೂರಲೂ ಆಗಲಿಲ್ಲ.

"ನಾಳಿ ದವಾಖಾನಿಗೆ ಹೋಗೂಣು," ಅಂದೆ.

"ನಾ ಬರಂಗಿಲ್ಲ."

"ಯಾಕ?"

"ಅಂಜಿಕಿ ಬರ್ತೈತಿ ಅಕ್ಕಾ," ಎಂದ. ಅವ್ವ ಹೋದ ಮೇಲೆ ಈ ಮಾತನ್ನು ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ಆಮೇಲೆ ನನ್ನ ಕೈಚೀಲ ತೋರಿಸಿ, "ನೀ ಆ ಡಬ್ಬಿ ಬಿಡು. ನಾ ಬರ್ತೇನಿ," ಎಂದ.

"ಬಿಟ್ಟೆ. ನಡಿ."

ಮರುದಿನ ಹಲ್ಲಿನ ದವಾಖಾನೆಯಲ್ಲಿ ಡಾಕ್ಟರು, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ, ಅವನಿಗೆ ಹೇಳಿದ್ದು ಒಂದೇ ಮಾತು: "ನಿಮ್ಮ ಮೂರು ಬೆರಳು ಜೋಡಿಸಿ, ನಿಂದಿರಿಸಿ, ಬಾಯಾಗ ಇಡ್ರಿ." ಮೂರು ಹೋಗಬೇಕಂತೆ. ಅವನದು ಎರಡನೆಯದಕ್ಕೇ ನಿಂತಿತು. ಅವಳು ಬ್ಯಾಟರಿ ಹಿಡಿದು ಗಲ್ಲದ ಒಳಗೆ ನೋಡಿದಳು, ಬೆರಳಿನಿಂದ ಒತ್ತಿದಳು. ಒಳಗೆಲ್ಲ ಬೆಳ್ಳಗೆ, ಬಿರುಸಾಗಿದೆ ಅಂದಳು. ಆಮೇಲೆ ಒಂದು ಕಡೆ ಬೆರಳು ನಿಲ್ಲಿಸಿ, ಅದೇ ಜಾಗವನ್ನು ಮತ್ತೆ ಒತ್ತಿದಳು.

"ಏನೈತ್ರಿ ಅಲ್ಲಿ?"

"ಈ ಜಾಗಾ ಒಂದು ಸಂಶಯ ಐತ್ರಿ. ಸಣ್ಣ ಚೂರು ತಗದು ಪರೀಕ್ಷಾಕ್ಕ ಕಳಸ್ತೇನಿ. ಎಂಟು ದಿವಸಕ್ಕ ರಿಪೋರ್ಟ್ ಬರ್ತೈತಿ." ಬರೆಯುತ್ತ ಬರೆಯುತ್ತ ತಲೆ ಎತ್ತದೆ ಕೇಳಿದಳು, "ಮನ್ಯಾಗ ಮತ್ತ ಯಾರರ ಅಡಿಕಿ ತಿಂತಾರೇನ್ರಿ?"

"ಇಲ್ರಿ," ಅಂದೆ.

ತಮ್ಮ ನನ್ನ ಕಡೆ ನೋಡಿದ. ಬಿಟ್ಟಿದ್ದೇನಲ್ಲ, ಅದಕ್ಕೇ ಇಲ್ಲ ಅಂದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಎಂಟು ದಿನ ಅವನು ನನ್ನ ಮನೆಯಲ್ಲೇ ಇದ್ದ. ಗಲ್ಲದಲ್ಲಿ ಹೊಲಿಗೆ, ಊಟಕ್ಕೆ ಗಂಜಿ, ತಣ್ಣನೆಯ ಹಾಲು-ಅನ್ನ. ಫೋನು ರಿಂಗಾದರೆ ಇಬ್ಬರೂ ಬೆಚ್ಚಿಬೀಳುತ್ತಿದ್ದೆವು. ಶಾಲೆಯಲ್ಲಿ ಹಲಗೆಯ ಮೇಲೆ ಲೆಕ್ಕ ತಪ್ಪು ಮಾಡಿದೆ, ಮಕ್ಕಳು ಮುಸಿಮುಸಿ ನಕ್ಕರೆ ಅವರ ಮೇಲೆ ಹರಿಹಾಯ್ದೆ. ಇವನಿಗೆ ಏನಾದರೂ ಆದರೆ ನಾನು ಬದುಕುವುದು ಹೇಗೆ ಎಂಬ ಒಂದೇ ಯೋಚನೆ ತಲೆಯಲ್ಲಿ ತಿರುಗುತ್ತಿತ್ತು. ಅವ್ವನಿಗೆ ಏನು ಹೇಳಲಿ ಎಂದೂ ಅನ್ನಿಸುತ್ತಿತ್ತು. ಸತ್ತು ಇಪ್ಪತ್ತು ವರ್ಷದ ಮೇಲಾದ ಅವ್ವನಿಗೆ ಉತ್ತರ ಕೊಡಬೇಕಾಗಿ ಬಂದೀತೆಂದು ನಾನು ನಿಜವಾಗಿಯೂ ಹೆದರಿದ್ದೆ.

ಈಗ ನಾಚಿಕೆಯ ಮಾತು. ಡಬ್ಬಿಯನ್ನು ನಾನು ಒಗೆದಿರಲಿಲ್ಲ. ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ನಾಲ್ಕನೆಯ ದಿನ, ಅವನು ಹೊರಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಅವನಿಗಾಗಿ ಗಂಜಿ ಕಲಕುತ್ತ ನಿಂತಿದ್ದವಳು ಒಂದು ಚೂರು ಬಾಯಿಗೆ ಹಾಕಿಕೊಂಡೆ. ಚಿಂತೆಯಲ್ಲಿ ಕೈ ತಾನಾಗಿ ಹೋಯಿತು ಎಂದು ಹೇಳಬಹುದು. ಹೇಳುವುದಿಲ್ಲ. ಡಬ್ಬಿಯ ಮುಚ್ಚಳ ಸಪ್ಪಳ ಮಾಡದಂತೆ ತೆಗೆದಿದ್ದೆ, ಅಷ್ಟು ಎಚ್ಚರವಿತ್ತು. ಆ ದಿನ ಊಟಕ್ಕೆ ಕೂತಾಗ ಚಟ್ನಿಪುಡಿ ಬಾಯಿ ಸುಟ್ಟಿತು. ಮಾರಿದ ಅಂಗಡಿಯವನಿಗೆ ಫೋನು ಮಾಡಿ, "ಮೆಣಸಿನಕಾಯಿ ಹಾಕೂದಕ್ಕೂ ಒಂದು ಮಿತಿ ಬ್ಯಾಡೇನ್ರೀ" ಎಂದು ಬಯ್ದೆ. ಅವನು ಪಾಪ, ಹತ್ತು ವರ್ಷದಿಂದ ಅದೇ ಪುಡಿ ಕೊಡುತ್ತಿದ್ದ.

ರಿಪೋರ್ಟಿನ ದಿನ ನಾವು ಹೊತ್ತಿಗೆ ಮೊದಲೇ ಹೋಗಿ ಬೆಂಚಿನ ಮೇಲೆ ಕೂತೆವು. ಒಳಗೆ ಕರೆದರು. ಡಾಕ್ಟರು ಲಕೋಟೆ ಒಡೆದು, ಕಾಗದ ಬಿಚ್ಚಿ, ಮೊದಲಿನಿಂದ ಕೊನೆಯ ತನಕ ಓದಿ, ಮತ್ತೆ ಮೊದಲಿಗೆ ಬಂದಳು. ತಮ್ಮ ನನ್ನ ಮುಂಗೈ ಹಿಡಿದಿದ್ದ. ಚಿಕ್ಕವನಿದ್ದಾಗ ಜ್ವರ ನೋಡುವಾಗ ಹಾಗೇ ಹಿಡಿಯುತ್ತಿದ್ದ.

"ಕ್ಯಾನ್ಸರ್ ಅಲ್ರಿ," ಎಂದಳು.

ಹೈಸ್ಕೂಲಿಗೆ ಹೈಸ್ಕೂಲೇ ಅಂಜುವ ಗಣಿತದ ಟೀಚರು ನಾನು, ಅಲ್ಲೇ ಬಿಕ್ಕಿ ಬಿಕ್ಕಿ ಅತ್ತೆ.

"ಆದ್ರ ನೀವು ಪೂರಾ ಕೇಳ್ರಿ," ಎಂದು ಅವಳು ನನಗೆ ಒಂದು ಗ್ಲಾಸು ನೀರು ಸರಿಸಿದಳು. ಅಡಿಕೆಯಿಂದ ಗಲ್ಲದ ಒಳಗಿನ ಚರ್ಮ ಗಟ್ಟಿಯಾಗಿ ಬಿಗಿದಿದೆ. ಅದು ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ. ಆದರೆ ಇನ್ನೊಂದು ಚೂರೂ ಹಾಕದೆ ಇದ್ದರೆ ಇಲ್ಲಿಗೇ ನಿಲ್ಲಿಸಬಹುದು, ಸ್ವಲ್ಪ ಸಡಿಲಿಸಲೂಬಹುದು. ಹಾಕಿದರೆ ಮುಂದಿನ ರಿಪೋರ್ಟು ಹೀಗೇ ಬರುತ್ತದೆಂದು ಹೇಳಲಾರೆ ಎಂದಳು. "ತಂಬಾಕ ಇಲ್ಲಲ್ರೀ, ಬರೇ ಅಡಿಕಿ" ಎಂದು ತಮ್ಮ ತೊದಲಿದ. "ಇದು ಅಡಿಕೀದ ಕೆಲಸರೀ. ಇದಕ್ಕ ತಂಬಾಕ ಬೇಕಿಲ್ಲ," ಎಂದಳು ಡಾಕ್ಟರು. ನಾನು ನೆಲ ನೋಡಿದೆ.

ಸಡಿಲಿಸುವುದಕ್ಕೆ ಔಷಧಿಯ ಜೊತೆಗೆ ಕೊಟ್ಟದ್ದು ಐಸ್‌ಕ್ರೀಮ್ ಕಡ್ಡಿ. ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ಸೇರಿಸಿ ಹಿಡಿದುಕೊಳ್ಳಬೇಕು. ಸಡಿಲವಾಯಿತು ಅನ್ನಿಸಿದಾಗ ಇನ್ನೊಂದು ಕಡ್ಡಿ ತೂರಿಸಬೇಕು. ದಿನಕ್ಕೆ ನಾಲ್ಕೈದು ಸಲ. ಅಂಗಡಿಯಲ್ಲಿ ಮೋಟರು ಮುಂದಿಟ್ಟುಕೊಂಡು, ಬಾಯಲ್ಲಿ ಕಡ್ಡಿ ಕಚ್ಚಿಕೊಂಡು, ಜೊಲ್ಲು ಒರೆಸಿಕೊಳ್ಳುತ್ತ ತಂತಿ ಸುತ್ತುತ್ತಿದ್ದ. ಗಿರಾಕಿಗಳು ನಗುತ್ತಿದ್ದರಂತೆ. ವಾರಗಟ್ಟಲೆ ಒಂದು ಕಡ್ಡಿಯೂ ಹೆಚ್ಚಾಗಲಿಲ್ಲ. ಒಂದು ಸಲ ಸಿಟ್ಟಿನಿಂದ ಕಡ್ಡಿಗಳನ್ನೆಲ್ಲ ಮುರಿದು ಒಗೆದನಂತೆ. ಮರುದಿನ ತಾನೇ ಹೋಗಿ ಹೊಸ ಕಟ್ಟು ತಂದ. ಅಡಿಕೆ ಮಾತ್ರ ಮುಟ್ಟಲಿಲ್ಲ. ಆ ಹಟ ಅವನಿಗೆ ಎಲ್ಲಿಂದ ಬಂತೋ! ನನ್ನಿಂದಲಂತೂ ಅಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ಭಾನುವಾರ ಗೇಟಿನ ಹೊರಗೆ ಹಾರ್ನ್ ಕೇಳಿಸಿತು. "ಅಕ್ಕಾ, ತೆನಿ ತಿನ್ನಾಕ ನಡಿ."

ಗಾಡಿಯ ಹೆಣ್ಣುಮಗಳು ಅವನನ್ನು ನೋಡಿದವಳೇ ಕೆಂಡ ಬಿಟ್ಟು ಎದ್ದು ನಿಂತಳು. "ಆ ಅನ್ರಿ ನೋಡೂಣು," ಎಂದಳು. ಅವನು ನಾಚಿಕೊಂಡು ಬಾಯಿ ತೆರೆದ. ಅವಳು ಬಗ್ಗಿ ನೋಡಿ, ಎರಡೂ ಗುಂಪು ಕೆದಕಿ, ಬಹಳ ದಪ್ಪದೂ ಅಲ್ಲದ, ಬಹಳ ಸಣ್ಣದೂ ಅಲ್ಲದ ಒಂದು ತೆನೆ ಆರಿಸಿ ಮೆತ್ತಗೆ ಸುಟ್ಟು ಕೊಟ್ಟಳು. ಅವನು ತುದಿಗೆ ಹಲ್ಲು ಹಚ್ಚಿದ. ಕರ್ರ್ ಎಂದು ಸಪ್ಪಳವಾಯಿತು. ತುದಿಯಲ್ಲಿ ಒಂದೆರಡು ಸಾಲು ಕಾಳು ಕಿತ್ತು ಬಂದಿದ್ದವು.

"ಬಂದ್ವು ಅಕ್ಕಾ!" ಎಂದ. ಕೆನ್ನೆಗೆ ಮಸಿ ಹತ್ತಿತ್ತು.

"ನಿಮಗ್ರಿ ಅಕ್ಕಾರ?" ಎಂದಳು ಅವಳು.

"ಹಾಕ್ರಿ. ಖಾರ ಮಾತ್ರ ಬ್ಯಾಡ, ಬಾಳ ಉರೀತೈತಿ," ಎಂದುಬಿಟ್ಟೆ.

ತಮ್ಮ ಅಗಿಯುವುದನ್ನು ನಿಲ್ಲಿಸಿದ. ಅವಳೂ ಗಾಳಿ ಹಾಕುವುದನ್ನು ನಿಲ್ಲಿಸಿದಳು.

"ಅಕ್ಕಾ, ಮೂರು ಬೆರಳು ಇಡು," ಎಂದ ತಮ್ಮ.

"ಹುಚ್ಚಗಿಚ್ಚ ಹಿಡದೈತೇನು? ಎಲ್ಲಾರ ಮುಂದ?"

"ಇಡು."

ಇಟ್ಟೆ. ಎರಡು ಹೋದವು. ಮೂರನೆಯದರ ಗೆಣ್ಣು ಹಲ್ಲಿಗೆ ಬಡಿದು ನಿಂತಿತು. ಇನ್ನೊಮ್ಮೆ ಒತ್ತಿದೆ. ಕಿವಿಯ ಹತ್ತಿರ ಜಗ್ಗಿದಂತೆ ನೋವಾಯಿತು.

ಅವನು ಏನೂ ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ತಿರುಗಿ ಬಯ್ಯುತ್ತಿದ್ದೆ. ಸುಮ್ಮನೆ ಅಂಗೈ ಚಾಚಿದ. ಶಾಲೆಗೆ ಹೋಗುವಾಗ ಬಾಗಿಲಲ್ಲಿ ನಿಂತು ಹೀಗೇ ಚಾಚುತ್ತಿದ್ದ. ಅಕ್ಕಿ ಡಬ್ಬದ ಹಿಂದಿನಿಂದ ಎಂದೋ ಕೈಚೀಲಕ್ಕೆ ಮರಳಿದ್ದ ಡಬ್ಬಿಯನ್ನು ತೆಗೆದು ಅದರ ಮೇಲೆ ಇಟ್ಟೆ. ಅವನು ಮುಚ್ಚಳ ತೆಗೆದು ಶೆಗಡಿಯ ಕಡೆ ಕೈ ಮಾಡಿದ.

"ನನ್ನ ಕೆಂಡದಾಗ ಬ್ಯಾಡ್ರಿ! ತೆನಿಗಿ ಅದರ ವಾಸನಿ ಹತ್ತತೈತಿ," ಎಂದು ಅವಳು ಗದರಿದಳು. "ಅತ್ತಾಗ ಒಗೀರಿ." ಅವನು ಸಿಪ್ಪೆ, ದಿಂಡು ತುಂಬಿದ ಬುಟ್ಟಿಗೆ ಅದನ್ನೆಲ್ಲ ಸುರಿದು, ಡಬ್ಬಿಯನ್ನೂ ಅದರೊಳಗೇ ಹಾಕಿದ. "ನಾಳಿ ಮುಂಜಾನೆ ತಯಾರಾಗಿರು, ಬರ್ತೇನಿ," ಅಂದ. ಹೂಂ ಅಂದೆ.

ಅವಳು ನನ್ನ ಮುಖ ನೋಡಿದಳು. ಅವಳ ಕೈ ಅಭ್ಯಾಸದಿಂದ ದಪ್ಪ ತೆನೆಗಳ ಮೇಲೆ ಹೋಗಿ, ಅಲ್ಲಿಂದ ಹೊರಳಿ, ಎಳೆಯ ತೆನೆಗಳ ಗುಂಪಿಗೆ ಇಳಿಯಿತು. ಒಂದು ಸಣ್ಣದನ್ನು ಆರಿಸಿ ಕೆಂಡದ ಮೇಲಿಟ್ಟಳು. ಈ ಸಲ ನಾನು ಜಗಳ ತೆಗೆಯಲಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡು, ಹೆಬ್ಬೆರಳಿನಿಂದ ಕಾಳು ಬಿಡಿಸತೊಡಗಿದೆ.